ಕೊಟ್ಟಿಗೆಯ ಸೊಳ್ಳೆ ಕುಡಿದ ರಕ್ತ

ಇದನ್ನು ನಂಬಿ ಎಂದು ನಾನು ಯಾರ ಕಾಲಿಗೂ ಬೀಳುವುದಿಲ್ಲ. ನಂಬದಿದ್ದರೆ ನಿಮ್ಮ ನಿದ್ದೆ ನಿಮಗೆ ಉಳಿಯುತ್ತದೆ, ಒಳ್ಳೆಯದೇ ಆಯಿತು. ಕತ್ತಲಲ್ಲಿ ಕಣ್ಣು ಮೋಸ ಮಾಡಬಹುದು, ಕಿವಿಯೂ ಮಾಡಬಹುದು. ಆದರೆ ಆ ರಾತ್ರಿ ನನ್ನ ನಾಲಿಗೆಗೆ ತಾಗಿದ ರುಚಿ... ಅದೊಂದನ್ನು ಸುಳ್ಳು ಎನ್ನಲು ನನ್ನಿಂದ ಆಗುವುದಿಲ್ಲ. ಈಗಲೂ ಊಟಕ್ಕೆ ಕೂತಾಗ ಒಮ್ಮೊಮ್ಮೆ ಅದು ಬಾಯಿಗೆ ಬರುತ್ತದೆ. ತಟ್ಟೆ ಸರಿಸಿ ಎದ್ದುಬಿಡುತ್ತೇನೆ.

ಆಗ ಕೊಡಗು ಇಂಗ್ಲಿಷರ ಕೈಯಲ್ಲಿತ್ತು. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ನನ್ನ ಊರು ಶನಿವಾರಸಂತೆಯ ಕಡೆ. ನಮ್ಮದು ಲಿಂಗ ಕಟ್ಟಿದ ಮನೆತನ. ಮೊಟ್ಟೆ ಎಂಬ ಮಾತನ್ನೂ ಒಲೆಯ ಮುಂದೆ ಆಡದ ಮನೆ. ಅಂಥ ಮನೆಯ ಹುಡುಗನಿಗೆ ಸಿಕ್ಕ ಸರ್ಕಾರಿ ಕೆಲಸ ಯಾವುದು ಗೊತ್ತೇ? ರಕ್ತ ಕುಡಿದ ಸೊಳ್ಳೆ ಹಿಡಿಯುವುದು! ಊರಿನಲ್ಲಿ ನನಗೆ ‘ಸೊಳ್ಳೆ ಮಲ್ಲಪ್ಪ’ ಎಂದೇ ಹೆಸರು ಬಿತ್ತು. ನಗುವವರು ನಕ್ಕರು. ಅವ್ವ ಮಾತ್ರ ನಾನು ರಜೆಗೆ ಬಂದಾಗಲೆಲ್ಲ ಸ್ನಾನ ಮಾಡಿಸದೆ ಒಳಗೆ ಬಿಡುತ್ತಿರಲಿಲ್ಲ.

ಕೆಲಸದ ರೀತಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಒಂದು ಗಾಜಿನ ಕೊಳವೆ, ಅದರ ತುದಿಗೆ ರಬ್ಬರ್ ಕೊಳವೆ, ಎರಡರ ನಡುವೆ ತೆಳು ಬಟ್ಟೆಯ ಒಂದು ತುಂಡು. ರಬ್ಬರಿನ ತುದಿ ನನ್ನ ಬಾಯಲ್ಲಿ. ಗೋಡೆಯ ಮೇಲೆ ಕೂತ ಸೊಳ್ಳೆಯ ಹತ್ತಿರ ಗಾಜಿನ ಬಾಯಿ ಹಿಡಿದು ಉಸಿರು ಎಳೆದರೆ ಸೊಳ್ಳೆ ಒಳಗೆ ಬಂದು ಬಟ್ಟೆಗೆ ತಡೆದು ನಿಲ್ಲುತ್ತದೆ. ಆಮೇಲೆ ಅದನ್ನು ಊದಿ ಸೀಸೆಗೆ ಹಾಕಬೇಕು. ಕೊನೆಗೆ ಇಂಕು ಹೀರುವ ಕಾಗದದಂಥ ಬಿಳಿ ಕಾಗದದ ಮೇಲೆ ಒಂದೊಂದನ್ನೇ ಇಟ್ಟು ಹೊಟ್ಟೆ ಹಿಚುಕಬೇಕು. ಕೆಂಪು ಕಲೆ ಬೀಳುತ್ತದೆ. ಪಕ್ಕದಲ್ಲಿ ಎಲ್ಲಿ ಹಿಡಿದದ್ದು ಎಂದು ಬರೆಯಬೇಕು. ಆ ಕಾಗದ ದೂರದ ಪ್ರಯೋಗಾಲಯಕ್ಕೆ ಹೋಗುತ್ತದೆ, ಅಲ್ಲಿಂದ ಉತ್ತರ ಬರುತ್ತದೆ: ಈ ಸೊಳ್ಳೆ ಕುಡಿದದ್ದು ದನದ ರಕ್ತ, ಈ ಸೊಳ್ಳೆ ಕುಡಿದದ್ದು ಮನುಷ್ಯರ ರಕ್ತ.

ಮಡಿಕೇರಿಯಲ್ಲಿದ್ದ ನಮ್ಮ ಮಲೇರಿಯಾ ಡಾಕ್ಟರು ಇದನ್ನೆಲ್ಲ ಹಬ್ಬದಡುಗೆಯ ಹಾಗೆ ವಿವರಿಸುತ್ತಿದ್ದರು. ಚಳಿಜ್ವರ ತರುವ ಸೊಳ್ಳೆ ಬೆನ್ನು ಎತ್ತಿ, ತಲೆ ತಗ್ಗಿಸಿ ಕೂರುತ್ತದೆ. ಹೆಣ್ಣು ಮಾತ್ರ ರಕ್ತ ಕುಡಿಯುತ್ತದೆ. ಅದರಲ್ಲೂ ಬಡಿಸಿದ್ದೆಲ್ಲ ಉಣ್ಣುವ ಜಾತಿ ಒಂದು, ಆರಿಸಿ ಉಣ್ಣುವ ಜಾತಿ ಒಂದು. ದನ ಸಿಕ್ಕರೆ ದನವೇ ಸಾಕು ಎನ್ನುವುದು ಅಷ್ಟು ಅಪಾಯವಲ್ಲ. ಮನುಷ್ಯನೇ ಬೇಕು ಎಂದು ಹುಡುಕಿ ಬರುವುದು ಯಮ. ಕುಡಿಯುತ್ತಲೇ ಹಿಂದಿನಿಂದ ಒಂದು ಕೆಂಪು ಹನಿ ಬಿಡುತ್ತದೆ, ಹೊಟ್ಟೆಯಲ್ಲಿ ಇನ್ನಷ್ಟು ಜಾಗ ಆಗಲಿ ಎಂದು. ಥೂ! ಬಫೆ ಊಟದಲ್ಲಿ ಮೇಲೆ ಬಿದ್ದು ಬಡಿಸಿಕೊಳ್ಳುವವರನ್ನು ಕಂಡರೆ ನನಗೆ ಇವತ್ತಿಗೂ ಆ ಹನಿಯೇ ನೆನಪಾಗುತ್ತದೆ.

ಆ ವರ್ಷ ಹೂಮಳೆ ಬಿದ್ದು ಕಾಫಿ ಅರಳಿದ ವಾರದಲ್ಲಿ ಡಾಕ್ಟರು ನನ್ನನ್ನು ಹುದಿಕೇರಿಯಿಂದ ಕುಟ್ಟಕ್ಕೆ ಹೋಗುವ ದಾರಿಯ ಒಂದು ಎಸ್ಟೇಟಿಗೆ ಕಳಿಸಿದರು. ಅಲ್ಲಿ ಕೂಲಿಯವರ ಲೈನು ತೋಡಿನ, ಅಂದರೆ ಸಣ್ಣ ಹಳ್ಳದ, ದಂಡೆಯಲ್ಲೇ ಇತ್ತು. ಒಂದೇ ಸೂರಿನ ಕೆಳಗೆ ಸಾಲು ಕೋಣೆಗಳು. ವರ್ಷವರ್ಷ ಅಲ್ಲಿ ಚಳಿಜ್ವರದ ಹೆಣ ಎತ್ತುವುದೇ ಕೆಲಸವಾಗಿತ್ತು. ಲೈನನ್ನು ಗುಡ್ಡದ ಮೇಲಕ್ಕೆ ಸಾಗಿಸಿ ಎಂದು ಡಾಕ್ಟರು ಹೇಳಿದರೆ ಎಸ್ಟೇಟಿನ ಇಂಗ್ಲಿಷ್ ದೊರೆ ಒಪ್ಪಲಿಲ್ಲ. ಅವನ ತಲೆಯಲ್ಲಿ ಬೇರೆ ಉಪಾಯವಿತ್ತು. ತೋಡಿಗೂ ಲೈನಿಗೂ ನಡುವೆ ದನದ ಕೊಟ್ಟಿಗೆ ಕಟ್ಟಿಸಿದ್ದ. ತೋಡಿನಿಂದ ಎದ್ದ ಸೊಳ್ಳೆ ಮೊದಲು ಸಿಕ್ಕ ದನದಲ್ಲೇ ಹೊಟ್ಟೆ ತುಂಬಿಸಿಕೊಂಡು ನಿಲ್ಲುತ್ತದೆ, ಜನರ ತನಕ ಬರುವುದಿಲ್ಲ ಎಂಬ ಲೆಕ್ಕ. ನನ್ನ ಕಾಗದಗಳೇ ಈ ಜಗಳಕ್ಕೆ ತೀರ್ಪು. ಲೈನಿನ ಗೋಡೆಯ ಸೊಳ್ಳೆಯಲ್ಲಿ ಮನುಷ್ಯರ ರಕ್ತ ಕಂಡರೆ ಮಳೆಗಾಲಕ್ಕೆ ಮೊದಲೇ ಲೈನು ಮೇಲಕ್ಕೆ. ದನದ ರಕ್ತ ಕಂಡರೆ ಲೈನು ಇದ್ದಲ್ಲೇ.

ಸಂಜೆ ಮೇಸ್ತ್ರಿ ನಿಂಗಯ್ಯ ನನಗೆ ಲೈನು ತೋರಿಸಿದ. ಪಿರಿಯಾಪಟ್ಟಣದ ಕಡೆಯಿಂದ ಆಳು ಕರೆತರುವವನು ಅವನೇ. ಸತ್ತವರೆಲ್ಲ ಅವನು ಕರೆತಂದವರೇ. ಅವನ ಮಗಳು ಚೆಲುವಿ ಬಾಗಿಲಲ್ಲಿ ಕೂತಿದ್ದಳು, ತುಂಬಿದ ಬಸುರಿ, ಕೈಕಾಲು ಕಡ್ಡಿಯ ಹಾಗೆ. ಬಸುರಿಗೆ ಈ ಜ್ವರ ಹಿಡಿದರೆ ಏನಾಗುತ್ತದೆಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

“ಸ್ವಾಮಿ, ದಿಟ ಬರ್ಕೊಂಡು ಹೋಗಿ. ಅಷ್ಟೇ ಸಾಕು,” ಎಂದ ನಿಂಗಯ್ಯ. “ಇವ್ಳು ಹೆರೋ ಹೊತ್ಗೆ ಮ್ಯಾಲಕ್ಕೆ ಹೋಗ್ಬುಟ್ರೆ ಬದುಕ್ತಾಳೆ.”

ಆಗಲಿ ಎಂದೆ. ಆದರೆ ನಿಜ ಹೇಳುತ್ತೇನೆ, ಆ ಕೋಣೆಗಳನ್ನು ಇಣುಕಿದಾಗಲೇ ನಾನು ಮೂಗು ಮುಚ್ಚಿಕೊಂಡಿದ್ದೆ. ಹೊಗೆ, ಹಳಸಿದ ಗಂಜಿ, ಮೂಲೆಯಲ್ಲಿ ಯಾರೋ ಕಕ್ಕಿದ್ದು, ಅದರ ಮೇಲೆ ಚೆಲ್ಲಿದ ಬೂದಿ. ಸುಣ್ಣದ ಗೋಡೆಯ ತುಂಬ ಹೊಸಕಿದ ಸೊಳ್ಳೆಗಳ ಕಂದು ಗೀಟುಗಳು. ಇದರ ಮೇಲೆ ಹೊರಗಿನಿಂದ ಕಾಫಿ ಹೂವಿನ ಕಂಪು. ದೂರದಿಂದ ಅದು ಮಲ್ಲಿಗೆಯೇ. ಅಲ್ಲಿ ಮಾತ್ರ ಹೆಣದ ಮೇಲೆ ಸುರಿದ ಪನ್ನೀರಿನಂತೆ ಮೂಗಿಗೆ ಹೊಡೆಯುತ್ತಿತ್ತು.

ನಡುರಾತ್ರಿ ಕಳೆದ ಮೇಲೆ ಬ್ಯಾಟರಿ ಹಿಡಿದು ಹೊರಟೆ. ಸೊಳ್ಳೆಗಳು ಉಂಡು, ಗೋಡೆಗೆ ಒರಗಿ ಅರಗಿಸಿಕೊಳ್ಳುವ ಹೊತ್ತು ಅದು. ಮೊದಲು ಲೈನು, ಆಮೇಲೆ ಕೊಟ್ಟಿಗೆ ಎಂದು ಡಾಕ್ಟರ ಅಪ್ಪಣೆ. ಲೈನಿನ ಮೊದಲ ಬಾಗಿಲ ತನಕ ಹೋದೆ. ಒಳಗೆ ಯಾರೋ ನರಳಿದರು, ಬಕೆಟ್ಟಿಗೆ ಏನೋ ಸುರಿದ ಸದ್ದು... ನನ್ನ ಕಾಲು ತಾನಾಗಿ ಹಿಂದೆ ಬಂತು. ಸೊಳ್ಳೆ ಎಲ್ಲಿಯದಾದರೇನು, ರೆಕ್ಕೆಯ ಮೇಲೆ ವಿಳಾಸ ಬರೆದಿರುತ್ತದೆಯೇ? ಎಲ್ಲವನ್ನೂ ಕೊಟ್ಟಿಗೆಯಲ್ಲೇ ಹಿಡಿದು, ಅರ್ಧಕ್ಕೆ ‘ಲೈನು’ ಎಂದು ಬರೆದರಾಯಿತು ಅಂದುಕೊಂಡೆ. ಕಳ್ಳನಿಗೊಂದು ಪಿಳ್ಳೆ ನೆವ.

ಕೊಟ್ಟಿಗೆಯಲ್ಲಿ ಹದಿನಾಲ್ಕು ದನಗಳಿದ್ದವು. ಬಾಗಿಲು ತೆಗೆದ ಕೂಡಲೇ ಒಂದು ವಿಚಿತ್ರ ಕಂಡಿತು. ದನಗಳೆಲ್ಲ ಲೈನಿನ ಕಡೆಯ ಗೋಡೆಗೆ ಒತ್ತಿ ನಿಂತಿದ್ದವು. ಒಂದೂ ಮಲಗಿರಲಿಲ್ಲ, ಒಂದೂ ಮೆಲುಕು ಹಾಕುತ್ತಿರಲಿಲ್ಲ. ತೋಡಿನ ಕಡೆಯ ಮೂಲೆ ಪೂರ್ತಿ ಖಾಲಿ. ಅಲ್ಲಿ ಒಂದು ಮೋಟು ಗೋಡೆ, ಅದರ ಆಚೆ ಹುಲ್ಲು ಹಾಸಿದ ಜಾಗ.

ದನಗಳ ಹತ್ತಿರದ ಗೋಡೆಗೆ ಬ್ಯಾಟರಿ ಬಿಟ್ಟೆ. ಅಲ್ಲೊಂದು ಇಲ್ಲೊಂದು ಸೊಳ್ಳೆ, ಹೊಟ್ಟೆ ಬತ್ತಿ ಬೂದುಬಣ್ಣ. ಖಾಲಿ ಮೂಲೆಯ ಗೋಡೆಗೆ ಬಿಟ್ಟೆ...

ಗೋಡೆಯೇ ಕಾಣಲಿಲ್ಲ. ಅಷ್ಟೊಂದು! ಎಲ್ಲವೂ ಬೆನ್ನೆತ್ತಿ ಕೂತಿದ್ದವು, ಹೊಟ್ಟೆಗಳು ಬಿರಿಯುವಷ್ಟು ತುಂಬಿ ಮಾಗಿದ ಕಾಫಿ ಹಣ್ಣಿನ ಬಣ್ಣ. ಕೆಳಗೆ ಸುಣ್ಣದ ಮೇಲೆ ಸಣ್ಣ ಸಣ್ಣ ಕೆಂಪು ಹನಿಗಳು, ಇನ್ನೂ ಆರಿರಲಿಲ್ಲ. ಮೈ ಜುಮ್ಮೆಂದಿತು. ಆದರೂ ಒಂದೇ ಗೋಡೆಯಲ್ಲಿ ಕೆಲಸ ಮುಗಿಯಿತಲ್ಲ ಎಂದು ಒಳಗೊಳಗೇ ಖುಷಿಯೂ ಆಯಿತು. ಕೊಳವೆ ಬಾಯಿಗಿಟ್ಟು ಎಳೆಯಲು ಶುರುಮಾಡಿದೆ.

ಎರಡನೆಯ ಸೀಸೆ ತುಂಬುವಾಗ ಆ ಸದ್ದು ಕೇಳಿಸಿತು. ಕಟಕಟ... ಕಟಕಟ... ಹಲ್ಲಿಗೆ ಹಲ್ಲು ಬಡಿಯುವ ಸದ್ದು. ಮೋಟು ಗೋಡೆಯ ಆಚೆ, ಹುಲ್ಲಿನ ಮೇಲಿಂದ. ಜ್ವರದ ಬೆವರಿನ ಹುಳಿ ವಾಸನೆಯೂ ಬಂತು.

“ಯಾರದು?” ಎಂದೆ ಮೆಲ್ಲಗೆ.

“ನಾನೇ ಬುದ್ಧಿ. ದನ ಕಾಯೋನು.”

ದನಿ ನಡುಗುತ್ತಿತ್ತು. ಓ, ಜ್ವರ ಬಂದ ದನಗಾಹಿ ಮಲಗಿದ್ದಾನೆ ಎಂದುಕೊಂಡೆ. ಬ್ಯಾಟರಿ ಆ ಕಡೆ ತಿರುಗಿಸಬಹುದಿತ್ತು. ತಿರುಗಿಸಲಿಲ್ಲ. ಹೆದರಿಕೆಯಿಂದಲ್ಲ, ಅಸಹ್ಯದಿಂದ. ಕಕ್ಕಿಕೊಂಡು ಬಿದ್ದ ಇನ್ನೊಬ್ಬನನ್ನು ನೋಡುವುದು ನನಗೆ ಬೇಡವಾಗಿತ್ತು. ಆ ಒಂದು ನೋಟ ಹಾಯಿಸದೆ ಹೋದದ್ದಕ್ಕೆ ಇವತ್ತಿಗೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ.

ಜ್ವರ ಇದ್ದರೆ ಇಲ್ಲಿ ಯಾಕೆ ಬಿದ್ದಿದ್ದೀಯ, ಲೈನಿಗೆ ಹೋಗಿ ಬೆಚ್ಚಗೆ ಮಲಗು ಎಂದು ಗದರಿದೆ. ಹಲ್ಲು ಬಡಿಯುತ್ತಲೇ ಅವನೆಂದ:

“ಇವು ದನ ಮುಟ್ಟಾಕಿಲ್ಲ ಬುದ್ಧಿ. ಬತ್ತವೆ, ಮೂಸ್ತವೆ, ಬುಟ್ಟು ಲೈನಿಗೆ ಹೋಯ್ತವೆ. ಇಲ್ಲೊಬ್ಬ ಮನ್ಸ ಇದ್ರೆ... ಇಲ್ಲೇ ನಿಲ್ತವೆ.”

ನಮ್ಮ ಡಾಕ್ಟರು ಪುಸ್ತಕ ಹರಡಿಕೊಂಡು ಹುಡುಕುತ್ತಿದ್ದುದನ್ನು ಈ ದನಗಾಹಿ ಕತ್ತಲಲ್ಲಿ ಮಲಗಿಕೊಂಡು ಹೇಳಿಬಿಟ್ಟಿದ್ದ.

“ಕುಡುದವನ್ನ ಹಿಡ್ಕೊಂಡು ಹೋಗಿ,” ಎಂದಿತು ದನಿ, ಇನ್ನೂ ಸಣ್ಣಗೆ. “ಒಂದೂ ಬುಡಬ್ಯಾಡಿ.”

ಕೊಳವೆ ಜಾರಿತೋ ಏನೋ, ತಿಳಿಯದು. ಉಸಿರು ಎಳೆದೆ. ಒಳಗಿನ ಬಟ್ಟೆ ಸರಿದುಹೋಯಿತು. ತುಂಬಿದ ಸೊಳ್ಳೆಯೊಂದು ನೇರ ನನ್ನ ಬಾಯೊಳಗೆ ಬಂತು. ರೆಕ್ಕೆ ನಾಲಿಗೆಗೆ ಅಂಟಿತು. ಉಗುಳಬೇಕೆಂದು ನಾಲಿಗೆ ಎತ್ತಿದೆ, ಅದು ಅಂಗುಳಕ್ಕೆ ಒತ್ತಿ ಒಡೆಯಿತು...

ಬಿಸಿಯಾಗಿತ್ತು. ಅಷ್ಟು ಸಣ್ಣ ಹುಳದ ಹೊಟ್ಟೆಯಲ್ಲಿ ಅಷ್ಟು ರಕ್ತ ಹೇಗಿತ್ತೋ! ಉಪ್ಪು, ತುಕ್ಕು ಹಿಡಿದ ಮೊಳೆಯ ರುಚಿ, ಜೊತೆಗೆ ಆ ಹುಳಿ ಬೆವರಿನ ವಾಸನೆ. ಉಗುಳುವ ಮೊದಲೇ ಗಂಟಲಿಗೆ ಇಳಿದಿತ್ತು. ಸಗಣಿಯಲ್ಲಿ ಮಂಡಿಯೂರಿ ಕರುಳು ಕಿತ್ತು ಬರುವ ಹಾಗೆ ವಾಂತಿ ಮಾಡಿದೆ. ಗಂಜಿ ಬಂತು, ಪಿತ್ತ ಬಂತು. ಅದು ಮಾತ್ರ ಬಂದಂತೆ ಅನಿಸಲಿಲ್ಲ.

ತಲೆ ಎತ್ತಿದಾಗ ಹಲ್ಲಿನ ಸದ್ದು ನಿಂತಿತ್ತು. ದನಗಳು ಒಂದೊಂದೇ ಗೋಡೆ ಬಿಟ್ಟು ಬಂದು ಖಾಲಿ ಮೂಲೆಯಲ್ಲಿ ಹರಡಿಕೊಂಡವು. ಒಂದು ಹಸು ಮೋಟು ಗೋಡೆ ಸುತ್ತಿ ಹೋಗಿ ಆ ಹುಲ್ಲಿನ ಮೇಲೇ ಮಲಗಿತು. ಅವನು ಮಲಗಿದ್ದ ಜಾಗದಲ್ಲೇ.

ಹಿಂಬಾಗಿಲಿನಿಂದ ಎದ್ದು ಹೋಗಿರಬೇಕು ಎಂದು ಹೊರಬಂದು ನೋಡಿದೆ. ಆ ಕೊಟ್ಟಿಗೆಗೆ ಹಿಂಬಾಗಿಲೇ ಇರಲಿಲ್ಲ.

ಬೆಳಗಾಗುವ ತನಕ ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಮನೆಯ ಜಗಲಿಯಲ್ಲಿ ಲಾಟೀನು ಹಚ್ಚಿಕೊಂಡು ಕೂತು ಸೊಳ್ಳೆ ಹಿಚುಕಿದೆ. ಒಂದು ಕಾಗದಕ್ಕೆ ‘ಲೈನು’, ಒಂದಕ್ಕೆ ‘ಕೊಟ್ಟಿಗೆ’. ಕಟ್ಟು ಕಟ್ಟಿ ಬೆಳಗಿನ ಬಸ್ಸಿಗೆ ಕೊಟ್ಟೂ ಆಯಿತು. ಆಮೇಲೆ ನಿಂಗಯ್ಯ ಸಿಕ್ಕಿದ. ನಿಮ್ಮ ದನಗಾಹಿಗೆ ಜ್ವರ ವಿಪರೀತವಾಗಿದೆ, ಕೊಯ್ನದ ಗುಳಿಗೆ ಕೊಡಿಸಿ ಎಂದೆ.

ಅವನು ನನ್ನ ಮುಖವನ್ನೇ ನೋಡಿದ. ಕೊಟ್ಟಿಗೆಯಲ್ಲಿ ಈಗ ಯಾರೂ ಮಲಗುವುದಿಲ್ಲ ಎಂದ. ಕಾರ್ತಿಕದ ತನಕ ಅವನ ಅಳಿಯ ಮಾದ, ಚೆಲುವಿಯ ಗಂಡ, ಅಲ್ಲಿ ದನ ಕಾಯುತ್ತಿದ್ದನಂತೆ. ಹೆಂಡತಿ ಬಸುರಿ ಎಂದು ತಿಳಿದ ದಿನದಿಂದ ಅವನು ಲೈನಿಗೆ ಮಲಗಲು ಬರುವುದನ್ನೇ ಬಿಟ್ಟನಂತೆ. ಚಳಿಯಲ್ಲೂ ಅಂಗಿ ಬಿಚ್ಚಿ ಆ ಮೋಟು ಗೋಡೆಯ ಹಿಂದೆ ಬರಿಮೈಯಲ್ಲಿ ಮಲಗುತ್ತಿದ್ದನಂತೆ. ಹುಚ್ಚು ಎಂದು ಎಲ್ಲರೂ ಬೈದರಂತೆ.

“ಮೂರ್ ವಾರ್ದಾಗೆ ಹೋಗ್ಬುಟ್ಟ ಸ್ವಾಮಿ. ಆ ಹುಲ್ಲಿನ್ ಮ್ಯಾಲೇ.”

ನಿಂಗಯ್ಯ ಕಣ್ಣೊರೆಸಿಕೊಂಡು ಮುಂದೆ ಹೇಳಿದ ಮಾತು ಅದಕ್ಕಿಂತ ಹೆಚ್ಚಾಗಿ ಚುಚ್ಚಿತು. ಹೋಗಲಿ, ನೀವು ನಮ್ಮ ಲೈನಿನ ಸೊಳ್ಳೆ ಹಿಡಿದಿರಲ್ಲ, ಇನ್ನು ಸತ್ಯ ಹೊರಗೆ ಬರುತ್ತದೆ ಎಂದ. ಆಗ ನನ್ನ ಮಂಡೆಗೆ ಬೆಳಕು ಹತ್ತಿತು. ನಾನು ಕಳಿಸಿದ್ದೆಲ್ಲ ಕೊಟ್ಟಿಗೆಯ ಸೊಳ್ಳೆ! ಸತ್ತವನ ಮೈಯಲ್ಲಿ ರಕ್ತವೆಲ್ಲಿಯದು, ದನದ ರಕ್ತವೆಂದೇ ಉತ್ತರ ಬರುತ್ತದೆ. ‘ಲೈನಿನಲ್ಲೂ ದನದ ರಕ್ತ’ ಎಂದು ದೊರೆ ಕುಣಿಯುತ್ತಾನೆ. ಲೈನು ಇದ್ದಲ್ಲೇ ಇರುತ್ತದೆ. ಮಾದ ಜೀವ ಕೊಟ್ಟು ಕಾದ ಹೆಂಡತಿಯನ್ನು ನಾನು ಸೋಮಾರಿತನದಿಂದ ಸಾಯಲು ಬಿಟ್ಟೆ.

ಹೇಳಿಬಿಡಬಹುದಿತ್ತು. ಡಾಕ್ಟರ ಬಾಗಿಲ ತನಕ ಎರಡು ಸಲ ಹೋದೆ. ಕೆಲಸ ಹೋಗುತ್ತದೆಂಬ ಭಯ ನನ್ನ ಬಾಯಿ ಕಟ್ಟಿತು. ನನ್ನ ಮೇಲೆ ನನಗೇ ಹೇಸಿಗೆಯಾದದ್ದು ಆ ದಿನಗಳಲ್ಲಿ.

ಎರಡು ವಾರ ಕಳೆದು ತೋಡಿನ ನೀರು ನೋಡಲು ಮತ್ತೆ ಆ ಎಸ್ಟೇಟಿಗೆ ಹೋಗಬೇಕಾಯಿತು. ಚೆಲುವಿ ಗೋಣಿಚೀಲಗಳ ಕೆಳಗೆ ಮಲಗಿದ್ದಳು, ಚೀಲದ ಗುಡ್ಡೆಯೇ ನಡುಗುತ್ತಿತ್ತು. ನಿಂಗಯ್ಯ ಕಾಗದ ಬಂತೇ ಎಂದು ಕೇಳಿದ. ಇಲ್ಲ ಎಂದೆ. ಅವನು ಬಿಸಿನೀರು ತರಲು ಹೋದಾಗ ಅವಳು ನನ್ನನ್ನು ಹತ್ತಿರ ಕರೆದಳು.

“ಅವತ್ತು ನೀವು ನಮ್ ಲೈನಿಗೆ ಬರ್ಲೇ ಇಲ್ಲ ಸ್ವಾಮಿ,” ಎಂದಳು. “ನಾನ್ ಎದ್ದೇ ಇದ್ದೆ. ಕೊಟ್ಟಿಗೇಲಿ ಮಾತಾಡ್ತಿದ್ರಿ.”

ನಾನು ನೆಲ ನೋಡಿದೆ.

“ನಿಮ್ ದನಿ ಕೇಳ್ತು.” ಹಲ್ಲು ಕಟಕಟ ಎನ್ನುತ್ತಿತ್ತು, ಅದೇ ಸದ್ದು. “ಅವ್ರ ದನೀನೂ ಕೇಳ್ತು. ಅಪ್ಪಂಗೆ ಹೇಳಬ್ಯಾಡಿ.”

ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಅವತ್ತು ಮಡಿಕೇರಿಗೆ ವಾಪಸು ಬರುವಾಗ, ಈ ಸಲ ಹೇಳಿಯೇ ಬಿಡುತ್ತೇನೆ, ಕೆಲಸ ಹೋದರೆ ಹೋಗಲಿ ಎಂದು ಗಟ್ಟಿ ಮಾಡಿಕೊಂಡೆ.

ಆದರೆ ನಾನು ಬಾಯಿ ತೆರೆಯುವ ಮೊದಲೇ ಡಾಕ್ಟರು ಒಂದು ಹಾಳೆಯನ್ನು ನನ್ನ ಮುಂದೆ ತಳ್ಳಿದರು. ಉತ್ತರ ಬಂದಿತ್ತು. ಲೈನಿನವು ಎಲ್ಲವೂ ಮನುಷ್ಯರ ರಕ್ತ. ಅವರ ಮುಖ ಅರಳಿತ್ತು. ಬೆರಳನ್ನು ಮಾತ್ರ ಕೆಳಗಿನ ಸಾಲಿನ ಮೇಲೆ ಇಟ್ಟುಕೊಂಡಿದ್ದರು.

“ಕೊಟ್ಟಿಗೆಯವೂ ಮನುಷ್ಯರದೇ. ಒಂದೂ ಬಿಡದೆ. ಆ ರಾತ್ರಿ ಅಲ್ಲಿ ಯಾರು ಮಲಗಿದ್ದರು, ಮಲ್ಲಪ್ಪ?”

ಹದಿನಾಲ್ಕು ದನ, ಒಂದು ಹನಿ ದನದ ರಕ್ತವಿಲ್ಲ. ಲೈನಿನದೆಂದು ಬರೆದದ್ದೂ ಅದೇ ಗೋಡೆಯದು ಎಂಬುದು ಗೊತ್ತಿದ್ದವನು ನಾನೊಬ್ಬನೇ. ಇನ್ನು ಸತ್ಯ ಹೇಳಿದರೆ ಲೈನಿನವರಿಗೆ ಸಿಕ್ಕ ತೀರ್ಪು ಕೈತಪ್ಪುತ್ತದೆ. ನಾನೇ ಕೂತಿದ್ದೆ ಸಾರ್, ನನ್ನನ್ನೇ ಕಚ್ಚಿರಬೇಕು ಎಂದೆ. ನನ್ನ ಮೈಮೇಲೆ ಮಾರನೆಯ ದಿನ ಒಂದೇ ಒಂದು ಕಚ್ಚಿದ ಗುರುತೂ ಇರಲಿಲ್ಲ.

ದೊರೆಗೆ ಎದುರಾಡಲು ದಾರಿ ಉಳಿಯಲಿಲ್ಲ. ಮಳೆ ಹಿಡಿಯುವ ಮೊದಲೇ ಲೈನು ಗುಡ್ಡದ ಮೇಲೆ ಹೋಯಿತು. ಚೆಲುವಿ ಹೊಸ ಕೋಣೆಯಲ್ಲಿ ಹೆತ್ತಳು. ಕೂಸು ಅಂಗೈಯಷ್ಟಿತ್ತು, ಆದರೆ ಚೆನ್ನಾಗಿ ಅತ್ತಿತು. ನಿಂಗಯ್ಯ ನನ್ನ ಕಾಲು ಮುಟ್ಟಲು ಬಂದಾಗ ನಾನು ಹಿಂದೆ ಸರಿದೆ. ಮುಟ್ಟಬೇಕಾದ ಕಾಲು ನನ್ನದಾಗಿರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಒಬ್ಬ ಒಳ್ಳೆಯ ಗಂಡನ ಕತೆ ಎಂದು ಕೈಮುಗಿದು ಸುಮ್ಮನಿರುತ್ತಿದ್ದೆ.

ಆ ಮಳೆಗಾಲ ಕಳೆದು ಡಾಕ್ಟರು ನನ್ನನ್ನೇ ಸೊಳ್ಳೆಗಳ ಮುಂದೆ ಕೂರಿಸತೊಡಗಿದರು. ಪಂಚೆ ಮಂಡಿಯ ಮೇಲೆ ಎತ್ತಿಕೊಂಡು ಕತ್ತಲಲ್ಲಿ ಕೂರುವುದು, ಕಾಲಿಗೆ ಬಂದದ್ದನ್ನು ಹಿಡಿಯುವುದು. ಪಕ್ಕದಲ್ಲಿ ಕೂತವನು ರಾತ್ರಿಯೆಲ್ಲ ಪಟಪಟ ಹೊಡೆದುಕೊಳ್ಳುತ್ತಿದ್ದ. ನನ್ನ ಕಾಲಿಗೂ ಬರುತ್ತಿದ್ದವು. ಬಂದು ಕೂರುತ್ತಿದ್ದವು. ಸೂಜಿ ಇಳಿಸದೆ ಎದ್ದು ಹೋಗುತ್ತಿದ್ದವು. ನಿನ್ನನ್ನು ದನ ಎಂದುಕೊಂಡಿವೆಯೋ ಏನೋ ಎಂದು ಡಾಕ್ಟರು ನಕ್ಕರು. ನಾನು ನಗಲಿಲ್ಲ. ದನವನ್ನಾದರೂ ಉಣ್ಣುವ ಜಾತಿಗಳಿದ್ದವಲ್ಲ. ಅವೂ ನನ್ನನ್ನು ಮುಟ್ಟಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಸೊಸೆ ಸೊಳ್ಳೆಪರದೆ ಕಟ್ಟಲು ಬಂದರೆ ಬೇಡ ಎನ್ನುತ್ತೇನೆ. ಮಾವನವರ ಪುಣ್ಯ ಎಂದು ಅವಳು ಅಂದುಕೊಂಡಿದ್ದಾಳೆ. ದೀಪ ಆರಿದ ಮೇಲೆ ಅವು ಕಿವಿಯ ಹತ್ತಿರ ಹಾಡುತ್ತ ಬರುತ್ತವೆ. ಕೆನ್ನೆಯ ಮೇಲೆ ಕೂರುತ್ತವೆ. ನಾನು ಅಲುಗಾಡದೆ ಕಾಯುತ್ತೇನೆ... ಕಚ್ಚಲಿ ಎಂದೇ ಕಾಯುತ್ತೇನೆ. ಒಮ್ಮೆಯಾದರೂ ಕಚ್ಚಿದರೆ, ನನ್ನೊಳಗೆ ಹರಿಯುವುದು ಇನ್ನೂ ಬದುಕಿದವನ ರಕ್ತವೇ ಎಂದು ಧೈರ್ಯ ತಂದುಕೊಂಡು ಮಲಗಬಹುದು.

ಮೂಸುತ್ತವೆ. ಬಿಟ್ಟು ಹೋಗುತ್ತವೆ.